ಮ್ಯೂಸಿಯಂ ಪಕ್ಕದಲ್ಲೇ ಲೈಬ್ರರಿ, ಆದರೂ ಜೊತೆಯಾಗಲಿಲ್ಲ ಯಾಕೆ?

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಅದೇ ಸಾಲಿನಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ. ಅಲ್ಲಿಂದ ಕಬ್ಬನ್ ಪಾರ್ಕಿನೊಳಗೆ ಸ್ವಲ್ಪ ನಡೆದರೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡ, ರಾಜ್ಯ ಕೇಂದ್ರ ಗ್ರಂಥಾಲಯ. ಮೂರೂ ಜನರ ತಿಳಿವಳಿಕೆಗೆಂದೇ ಹುಟ್ಟಿದವು. ಆದರೆ ಮೊದಲನೆಯದು ರಾಜ್ಯದ ಪುರಾತತ್ವ ಇಲಾಖೆಯದು, ಎರಡನೆಯದು ಕೇಂದ್ರ ಸರ್ಕಾರದ್ದು, ಮೂರನೆಯದು ಸಾರ್ವಜನಿಕ ಗ್ರಂಥಾಲಯ ಇಲಾಖೆಯದು. ಇವು ಸೇರಿ ಮಕ್ಕಳಿಗೆ, ಊರಿನವರಿಗೆ ಏನಾದರೂ ಮಾಡಬಾರದೇ ಎಂಬ ಪ್ರಶ್ನೆ ಸಹಜ. ಉತ್ತರ ಸಿಗೋದು ಹಳೇ ಕಾನೂನು ಮತ್ತು ತೆರಿಗೆಯ ಲೆಕ್ಕದಲ್ಲಿ.

ಮೊದಲು ಮ್ಯೂಸಿಯಂ ಮತ್ತು ಲೈಬ್ರರಿ ಇಷ್ಟು ಬೇರೆಯಾಗಿರಲಿಲ್ಲ. ಇಂಗ್ಲೆಂಡಿನಲ್ಲಿ 1845ರ ಕಾಯ್ದೆ ಮ್ಯೂಸಿಯಂ ನಡೆಸಲು ತೆರಿಗೆ ಎತ್ತಲು ಪಟ್ಟಣಗಳಿಗೆ ಅವಕಾಶ ಕೊಟ್ಟಿತು. ವಾರಿಂಗ್ಟನ್ ಪಟ್ಟಣ 1848ರಲ್ಲಿ ಅದೇ ದುಡ್ಡಿನಲ್ಲಿ ಮ್ಯೂಸಿಯಂ ಜೊತೆಗೆ ಲೈಬ್ರರಿಯನ್ನೂ ತೆರೆಯಿತು. ನಮ್ಮಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಗ್ರಂಥಾಲಯ ತಜ್ಞ ವಿಲಿಯಂ ಬಾರ್ಡನ್ ಅವರನ್ನು ಕರೆಸಿದರು. ಅಲ್ಲಿನ ಗ್ರಂಥಾಲಯ ಇಲಾಖೆ ಹಳ್ಳಿಗಳಿಗೆ ಪುಸ್ತಕದ ಪೆಟ್ಟಿಗೆ ಕಳಿಸಿತು, ಓದು ಬಾರದವರಿಗೆ ಮ್ಯಾಜಿಕ್ ಲ್ಯಾಂಟರ್ನ್ (ದೀಪದ ಬೆಳಕಿನಿಂದ ಪರದೆ ಮೇಲೆ ಚಿತ್ರ ಮೂಡಿಸುವ ಯಂತ್ರ) ಚಿತ್ರ ತೋರಿಸಿತು.

ಬೆಂಗಳೂರಿನ ಮ್ಯೂಸಿಯಂ 1865ರಲ್ಲಿ ಮದ್ರಾಸಿನ ಸೇನಾ ವೈದ್ಯ ಎಡ್ವರ್ಡ್ ಬಾಲ್ಫರ್ ಅವರ ಆಸಕ್ತಿಯಿಂದ ಶುರುವಾಯಿತು. ಸಾರ್ವಜನಿಕ ಗ್ರಂಥಾಲಯ ಬಂದದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಆಮೇಲೆ ರಾಜ್ಯದಲ್ಲಿ 1965ರ ಗ್ರಂಥಾಲಯ ಕಾಯ್ದೆ ಬಂತು. ಒಳ್ಳೆಯ ಕಾಯ್ದೆಯೇ. ಆಸ್ತಿ ತೆರಿಗೆಯ ಮೇಲೆ ಸೆಸ್ (ಹೆಚ್ಚುವರಿ ಕರ) ಹಾಕಿ ಲೈಬ್ರರಿಗೆ ಸ್ವಂತ ಆದಾಯ ಕೊಟ್ಟಿತು. ಈಗ ಆ ಸೆಸ್ ತೆರಿಗೆಯ ಒಂದು ರೂಪಾಯಿಗೆ 6 ಪೈಸೆ. ಅದನ್ನು ವಸೂಲಿ ಮಾಡೋದು ಸ್ಥಳೀಯ ಸಂಸ್ಥೆಗಳು. ಜನ ಕಟ್ಟಿದ ಹಣ ಪೂರ್ತಿಯಾಗಿ, ಸಮಯಕ್ಕೆ ಸರಿಯಾಗಿ ಲೈಬ್ರರಿಗೆ ತಲುಪದ ದೂರು ಹಳೆಯದು. ಮ್ಯೂಸಿಯಂಗಂತೂ ಇಂಥ ಸೆಸ್ಸೇ ಇಲ್ಲ. ಹಾಗಾಗಿ ಇಬ್ಬರೂ ಸೇರಿ ಮಾಡುವ ಕೆಲಸಕ್ಕೆ ಇಬ್ಬರ ಬಜೆಟ್ಟಿನಲ್ಲೂ ಜಾಗ ಹುಡುಕಬೇಕು.

ಇದರಿಂದ ಏನು ನಷ್ಟ? ಆತಕೂರು ಶಾಸನವನ್ನೇ ನೋಡಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಈ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನ ಸಂಗ್ರಹದಲ್ಲಿದೆ. ಸುಮಾರು ಕ್ರಿ.ಶ. 950ರದ್ದು. ನಾಯಿಯೊಂದು ಹಂದಿಯ ಮೇಲೆ ಎರಗಿರುವ ಕೆತ್ತನೆ, ಸುತ್ತ ಹಳಗನ್ನಡದ ಸಾಲುಗಳು. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದಲ್ಲಿ ಸಾಹಸ ತೋರಿದ ಮಣಲೆರನಿಗೆ ಗಂಗರ ದೊರೆ ಬೂತುಗ ಏನು ಬೇಕೋ ಕೇಳು ಅಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯೊಂದಿಗೆ ಕಾದಾಡಿತು. ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಂತಿತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುವ ಕಥೆ, ಅಲ್ವಾ? ಆದರೆ ಕಲ್ಲು ಒಂದು ಕಡೆ, ಅದರ ಪಾಠ ಅಚ್ಚಾಗಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹದ ಸಂಪುಟ ಇನ್ನೊಂದು ಕಡೆ. ಕಲ್ಲು ನೋಡಿದವರಿಗೆ ಸಾಲು ಓದಲು ಬರಲ್ಲ, ಪುಸ್ತಕ ತೆರೆದವರಿಗೆ ಕೆತ್ತನೆ ಕಾಣಲ್ಲ.

ವಿಶ್ವೇಶ್ವರಯ್ಯ ಮ್ಯೂಸಿಯಂನ ಸಂಚಾರಿ ವಿಜ್ಞಾನ ಬಸ್ಸುಗಳು ಹಳ್ಳಿ ಶಾಲೆಗಳಿಗೆ ಹೋಗುತ್ತವೆ. ವಸ್ತುಗಳನ್ನು ಜನರ ಬಳಿಗೆ ಒಯ್ಯಲು ಆಗುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ. ಇತ್ತ 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಆಮೇಲೆ ‘ಓದುವ ಬೆಳಕು’ ಎಂಬ ಓದಿನ ಅಭಿಯಾನ ಮಕ್ಕಳನ್ನು ಒಳಗೆ ಕರೆತಂದಿತು. ಈಗ ಅವನ್ನು ಅರಿವು ಕೇಂದ್ರ ಅಂತಾರೆ. ರಾಜ್ಯದಲ್ಲಿ ಇಷ್ಟು ಊರುಗಳನ್ನು ಮುಟ್ಟುವ ಬೇರೆ ಸಾಂಸ್ಕೃತಿಕ ಜಾಲ ನನಗಂತೂ ಕಾಣುತ್ತಿಲ್ಲ. ಆದರೆ ಮಾತಾಡಿಸಬೇಕಾದ ಇಲಾಖೆ ಇನ್ನೊಂದು ಜಾಸ್ತಿಯಾಯಿತು.

ಕಾಳಿಯ ಕಲ್ಲಿನ ಪಡಿಯಚ್ಚೊಂದನ್ನು ಮದ್ದೂರು ತಾಲ್ಲೂಕಿನ ಅರಿವು ಕೇಂದ್ರಗಳಿಗೆ ಸುತ್ತಿಸಬೇಕು ಅಂದರೆ ಅಚ್ಚು ತೆಗೆಯಲು ಪುರಾತತ್ವ ಇಲಾಖೆ ಒಪ್ಪಬೇಕು, ಇಡಲು ಪಂಚಾಯಿತಿ ಒಪ್ಪಬೇಕು. ಕಥೆ ಹೇಳಲು ಮೇಲ್ವಿಚಾರಕರಿಗೆ ತರಬೇತಿ ಬೇಕು. ಖರ್ಚು ಯಾರ ಲೆಕ್ಕಕ್ಕೆ ಅಂತ ಮೊದಲೇ ಬರೆದಿಟ್ಟ ಜಂಟಿ ಆದೇಶವೊಂದು ಹೊರಟರೆ, ಉಳಿದದ್ದು ಅಷ್ಟೇನೂ ಕಷ್ಟವಲ್ಲ.