ಫ್ರೆಡ್ ಪೆಂಟ್ಲೆಂಡ್: ಬಿಲ್ಬಾವೊಗೆ ಸಣ್ಣ ಪಾಸ್ ಕಲಿಸಿದ ತರಬೇತುದಾರ

ಫ್ರೆಡ್ ಪೆಂಟ್ಲೆಂಡ್ ಅವರು ಇಂಗ್ಲಿಷ್ ಆಟವನ್ನು ಸ್ಪೇನಿಗೆ ಕೊಂಡೊಯ್ದರೆಂದು ಯಾರಾದರೂ ಬರೆದುಕೊಂಡಿದ್ದರೆ ಆ ಸಾಲನ್ನು ಮೊದಲು ತಿದ್ದಿಕೊಳ್ಳಬೇಕು. ಉತ್ತರ ಸ್ಪೇನಿನ ಬಾಸ್ಕ್ ನಾಡಿನ ನಗರವಾದ ಬಿಲ್ಬಾವೊಗೆ ಬಂದ ಬ್ರಿಟಿಷ್ ಕೆಲಸಗಾರರ ಮೂಲಕ ಫುಟ್‌ಬಾಲ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಅಲ್ಲಿಗೆ ತಲುಪಿತ್ತು. ಅಲ್ಲಿನ ಅಥ್ಲೆಟಿಕ್ ಕ್ಲಬ್‌ಗೆ ಇವರಿಗಿಂತ ಮೊದಲೇ ಬಿಲ್ಲಿ ಬಾರ್ನ್ಸ್ ಎಂಬ ಇಂಗ್ಲಿಷ್ ತರಬೇತುದಾರರಿದ್ದರು. ಚೆಂಡನ್ನು ದೂರಕ್ಕೆ ಒದ್ದು, ಅದರ ಹಿಂದೆ ಓಡಿ, ಮೈಬಲದಿಂದ ಮೇಲುಗೈ ಪಡೆಯುವ ಇಂಗ್ಲಿಷ್ ರೀತಿ ಬಾಸ್ಕ್ ಆಟಗಾರರಿಗೆ ಒಗ್ಗಿಹೋಗಿತ್ತು. ಆ ರೂಢಿಯನ್ನು ಬಿಡಿಸಿ, ಚೆಂಡನ್ನು ನೆಲದಲ್ಲೇ ಇಟ್ಟು ಸಣ್ಣ ಪಾಸ್‌ಗಳಿಂದ ಮುನ್ನಡೆಯುವುದನ್ನು ಕಲಿಸಿದ್ದೇ ಪೆಂಟ್ಲೆಂಡ್ ಅವರ ಸಾಧನೆ.

1883ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಹುಟ್ಟಿದ ಅವರು ಬಲಬದಿಯ ವಿಂಗರ್ ಆಗಿ ಬ್ಲ್ಯಾಕ್‌ಬರ್ನ್ ರೋವರ್ಸ್, ಮಿಡಲ್ಸ್‌ಬ್ರೊ ಮೊದಲಾದ ತಂಡಗಳಿಗೆ ಆಡಿದರು. ಇಂಗ್ಲೆಂಡ್ ಪರವಾಗಿ ಆಡಿದ 5 ಪಂದ್ಯಗಳೂ 1909ರಲ್ಲೇ ಮುಗಿದವು. 1914ರಲ್ಲಿ ಜರ್ಮನಿಯ ಒಲಿಂಪಿಕ್ ತಂಡವನ್ನು ಸಿದ್ಧಪಡಿಸಲು ಹೋದಾಗ ಮಹಾಯುದ್ಧ ಆರಂಭವಾಯಿತು. ಬರ್ಲಿನ್ ಬಳಿ ಕುದುರೆ ಪಂದ್ಯದ ಮೈದಾನವನ್ನೇ ಬಂಧನ ಶಿಬಿರವಾಗಿ ಮಾಡಿದ್ದ ರುಹ್ಲೆಬೆನ್‌ನಲ್ಲಿ ಅವರನ್ನು ಇರಿಸಲಾಯಿತು. ಪ್ರಖ್ಯಾತ ಆಟಗಾರ ಸ್ಟೀವ್ ಬ್ಲೂಮರ್ ಅವರೂ ಅಲ್ಲಿ ಬಂದಿಯಾಗಿದ್ದರು. ಯುದ್ಧದ ನಂತರ 1920ರ ಒಲಿಂಪಿಕ್ಸ್‌ಗೆ ಫ್ರಾನ್ಸ್ ತಂಡವನ್ನು ನೋಡಿಕೊಂಡು, ಸ್ಪೇನಿನ ಸ್ಯಾಂಟಾಂಡೇರ್ ನಗರದ ಕ್ಲಬ್‌ನಲ್ಲಿ ದುಡಿದು 1922ರಲ್ಲಿ ಬಿಲ್ಬಾವೊ ಸೇರಿದರು.

ಮೊದಲ ದಿನ ಅವರು ಕಲಿಸಿದ್ದು ಬೂಟಿನ ಲೇಸ್ ಸರಿಯಾಗಿ ಕಟ್ಟಿಕೊಳ್ಳುವುದನ್ನು ಎಂದು ಹೇಳುತ್ತಾರೆ. ಲೇಸ್ ಸಡಿಲವಾಗಿದ್ದರೆ ಕಾಲು ಬೂಟಿನೊಳಗೆ ಜಾರುತ್ತದೆ. ಜಾರುವ ಕಾಲಿನಿಂದ ಹತ್ತು ಹೆಜ್ಜೆ ದೂರದ ಪಾಸ್ ಕೂಡ ನೇರವಾಗಿ ಹೋಗುವುದಿಲ್ಲ. ಬಾಸ್ಕ್ ನಾಡಿನ ಹುಡುಗರನ್ನಷ್ಟೇ ಆಡಿಸುವ ಕ್ಲಬ್‌ನಲ್ಲಿ ಹೊರಗಿನಿಂದ ನುರಿತವರನ್ನು ತರುವ ದಾರಿಯಿರಲಿಲ್ಲ. ಇದ್ದವರನ್ನೇ ಬುಡದಿಂದ ತಿದ್ದಬೇಕಾಗಿತ್ತು. ಅವರ ಇಡೀ ವಿಧಾನಕ್ಕೆ ಇದೇ ಕೀಲಿಕೈ ಎಂದು ನನ್ನ ಅಭಿಪ್ರಾಯ.

1923ರಲ್ಲಿ ತಂಡ ಸ್ಪೇನ್ ಕಪ್ ಗೆದ್ದಿತು. ಮುಂದೆ ಬೇರೆ ಕ್ಲಬ್‌ಗಳಲ್ಲಿ ದುಡಿದು ಅವರು 1929ರಲ್ಲಿ ಮರಳಿದ ಮೇಲಿನ ನಾಲ್ಕು ವರ್ಷಗಳನ್ನು ನಾವು ನಿಧಾನವಾಗಿ ಓದಬೇಕು. 1929–30ರ ಲೀಗ್‌ನ 18 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ತಂಡ ಪ್ರಶಸ್ತಿ ಪಡೆಯಿತು, ಮರುವರ್ಷವೂ ಅದನ್ನು ಉಳಿಸಿಕೊಂಡಿತು. 1930ರಿಂದ 1933ರವರೆಗೆ ಸತತ ನಾಲ್ಕು ಬಾರಿ ಕಪ್ ಅದರದೇ ಆಯಿತು. 1931ರ ಫೆಬ್ರವರಿಯಲ್ಲಿ ಬಾರ್ಸಿಲೋನಾವನ್ನು 12–1ರಿಂದ ಮಣಿಸಿದ ಪಂದ್ಯದಲ್ಲಿ ತಂಡದ ಮುಂಚೂಣಿ ಆಟಗಾರ ಬಾಟಾ ಒಬ್ಬರೇ 7 ಗೋಲು ಹೊಡೆದರು. ಅವರು ಬಿಲ್ಬಾವೊಗೆ ಮರಳುವ ಮೊದಲೇ, 1929ರ ಮೇ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಪೇನ್ 4–3ರಿಂದ ಇಂಗ್ಲೆಂಡನ್ನು ಸೋಲಿಸಿದಾಗ, ಸ್ಪೇನ್ ತಂಡದ ತರಬೇತುದಾರ ಮಾಟೆಯೋಸ್ ಅವರಿಗೆ ನೆರವಾದವರೂ ಪೆಂಟ್ಲೆಂಡ್ ಅವರೇ. ಬ್ರಿಟನ್ ಮತ್ತು ಐರ್ಲೆಂಡಿನಾಚೆಯ ತಂಡವೊಂದಕ್ಕೆ ಇಂಗ್ಲೆಂಡ್ ಸೋತದ್ದು ಅದೇ ಮೊದಲು.

ತಲೆಯ ಮೇಲಿನ ದುಂಡು ಬೌಲರ್ ಹ್ಯಾಟ್‌ನಿಂದಾಗಿ ಜನ ಅವರನ್ನು ‘ಎಲ್ ಬೊಂಬಿನ್’ (ಸ್ಪ್ಯಾನಿಷ್‌ನಲ್ಲಿ ಬೌಲರ್ ಹ್ಯಾಟ್) ಎಂದು ಕರೆದರು. ದೊಡ್ಡ ಗೆಲುವಿನ ನಂತರ ಆಟಗಾರರು ಆ ಹ್ಯಾಟನ್ನು ಕಿತ್ತುಕೊಂಡು, ಅಪ್ಪಚ್ಚಿಯಾಗುವವರೆಗೆ ತುಳಿಯುತ್ತಿದ್ದರು. ಶಿಸ್ತಿಗೆ ಹೆಸರಾದ ಗುರು ಇದಕ್ಕೆ ಅಡ್ಡಿಪಡಿಸಲಿಲ್ಲವೆಂಬುದು ಅವರಿಗೂ ಹುಡುಗರಿಗೂ ಇದ್ದ ಸಲುಗೆಯನ್ನು ತೋರಿಸುತ್ತದೆ.

1936ರಲ್ಲಿ ಸ್ಪೇನಿನ ಅಂತರ್ಯುದ್ಧ ಅವರನ್ನು ಇಂಗ್ಲೆಂಡಿಗೆ ಮರಳಿಸಿತು. ತಾಯ್ನಾಡಿನಲ್ಲಿ ಅವರಿಗೆ ಅಂಥ ಹೆಸರು ಸಿಗಲಿಲ್ಲ. ಬಿಲ್ಬಾವೊ ಮಾತ್ರ 1959ರಲ್ಲಿ ಅವರನ್ನು ಸ್ಯಾನ್ ಮಾಮೆಸ್ ಕ್ರೀಡಾಂಗಣಕ್ಕೆ ಕರೆಸಿಕೊಂಡು, ಲಂಡನ್ನಿನ ಚೆಲ್ಸಿ ಕ್ಲಬ್ ವಿರುದ್ಧ ಗೌರವದ ಪಂದ್ಯವೊಂದನ್ನು ಏರ್ಪಡಿಸಿತು. ಮೂರು ವರ್ಷಗಳ ನಂತರ ಅವರು ತೀರಿಕೊಂಡರು.