ಪದ ಪರಿಚಯ: ನಿರಂಕುಶ

ದಸರಾ ಸಮಯದಲ್ಲಿ ಮೈಸೂರು ಅರಮನೆಯ ಆವರಣದಲ್ಲಿ ಆನೆಗಳನ್ನು ಹತ್ತಿರದಿಂದ ನೋಡಿದ್ದೀರಾ? ನಾಲ್ಕೈದು ಸಾವಿರ ಕೆಜಿ ತೂಗುವ ಪ್ರಾಣಿ. ಕತ್ತಿನ ಮೇಲೆ ಕೂತ ಮಾವುತ ಕಾಲ್ಬೆರಳಿನಿಂದ ಕಿವಿಯ ಹಿಂದೆ ಒತ್ತುತ್ತಾನೆ, ಬಾಯಲ್ಲಿ ಏನೋ ಹೇಳುತ್ತಾನೆ, ಆನೆ ತಿರುಗುತ್ತದೆ. ಅವನ ಕೈಯಲ್ಲಿ ಒಂದು ಚಿಕ್ಕ ಕೋಲು ಇರುತ್ತದೆ. ತುದಿಗೆ ಕಬ್ಬಿಣದ ಮೊನೆ, ಪಕ್ಕಕ್ಕೆ ಒಂದು ಕೊಕ್ಕೆ. ಅದೇ ಅಂಕುಶ. ಜಾಸ್ತಿ ಹೊತ್ತು ಅದು ಸುಮ್ನೆ ಕೈಯಲ್ಲೇ ಇರುತ್ತದೆ. ಅದು ಇದೆ ಅನ್ನುವುದು ಆನೆಗೂ ಗೊತ್ತು, ಮಾವುತನಿಗೂ ಗೊತ್ತು.

ಈ ಅಂಕುಶಕ್ಕೆ 'ನಿರ್' ಸೇರಿದರೆ ನಿರಂಕುಶ. ಅಂಕುಶ ಇಲ್ಲದ್ದು. 'ನಿರಂಕುಶ ಆಡಳಿತ', 'ನಿರಂಕುಶ ಪ್ರಭುತ್ವ' ಅಂತ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಪದದ ಒಳಗಿನ ಆನೆ ಈಗ ನಮಗೆ ಕಾಣುವುದೇ ಇಲ್ಲ. ಅಧಿಕಾರವನ್ನು ಹಿಡಿತದಲ್ಲಿಡುವ ನಮ್ಮ ಮಾತುಗಳೆಲ್ಲ ಹೀಗೆ ಕೊಟ್ಟಿಗೆಯಿಂದ, ಲಾಯದಿಂದ ಬಂದವು. ಎತ್ತಿಗೆ ಮೂಗುದಾರ, ಕುದುರೆಗೆ ಕಡಿವಾಣ, ಆನೆಗೆ ಅಂಕುಶ. ಇವುಗಳಲ್ಲಿ ಯಾವುದೂ ಪ್ರಾಣಿಯ ಶಕ್ತಿಯನ್ನು ಕಡಿಮೆ ಮಾಡುವುದಿಲ್ಲ. ಆನೆ ಆನೆಯಾಗಿಯೇ ಇರುತ್ತದೆ, ಅಂಬಾರಿಯನ್ನೂ ಹೊರುತ್ತದೆ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ಹೇಳಲು ಒಬ್ಬರು ಇರುತ್ತಾರೆ, ಅಷ್ಟೆ.

ಇದರ ಪಕ್ಕದಲ್ಲೇ ಬರುವ ಇನ್ನೊಂದು ಪದ ಸರ್ವಾಧಿಕಾರ. ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ, ಆದರೆ ಒಂದು ವ್ಯತ್ಯಾಸ ಇದೆ. 18ನೇ ಶತಮಾನದ ಮೈಸೂರಿನಲ್ಲಿ 'ಸರ್ವಾಧಿಕಾರಿ' ಅನ್ನುವುದು ಒಂದು ಹುದ್ದೆಯ ಹೆಸರಾಗಿತ್ತು. ನಂಜರಾಜಯ್ಯ ಸರ್ವಾಧಿಕಾರಿಯಾಗಿದ್ದರು, ಸಿಂಹಾಸನದ ಮೇಲೆ ಮಾತ್ರ ಒಡೆಯರು ಕೂತಿದ್ದರು. ಎಲ್ಲ ಅಧಿಕಾರ ಒಂದೇ ಕೈಯಲ್ಲಿರುವುದು ಸರ್ವಾಧಿಕಾರ. ಅಧಿಕಾರ ಎಷ್ಟೇ ಇರಲಿ, ಅದನ್ನು ತಡೆಯುವವರು ಇಲ್ಲದಿದ್ದರೆ ಅದು ನಿರಂಕುಶ. ಹಾಗಾಗಿ ಚುನಾವಣೆಯಲ್ಲಿ ಗೆದ್ದು ಬಂದ ಸರ್ಕಾರವೂ ನಿರಂಕುಶ ಆಗಬಹುದು. ಒಂದು ಸಣ್ಣ ಸೊಸೈಟಿಯ ಅಧ್ಯಕ್ಷರೂ ಆಗಬಹುದು.

ಒಂದು ಕಡೆ ಮಾತ್ರ ಈ ಪದ ಹೊಗಳಿಕೆ. ಕುವೆಂಪು ಯುವಕರನ್ನು ನಿರಂಕುಶಮತಿಗಳಾಗಿ ಅಂತ ಕರೆದರು. ಮನಸ್ಸಿಗೆ ಅಂಕುಶ ಬೇಡ, ಅದು ಬಿಡುಬೀಸಾಗಿ ಯೋಚಿಸಲಿ ಅಂತ. ಮತಿಗೆ ಬೇಡ, ಅಧಿಕಾರಕ್ಕೆ ಬೇಕು. ನಿರಂಕುಶ ಆಡಳಿತ ಮಾಡುವುದು ಇದನ್ನು ತಿರುವುಮುರುವು. ತನ್ನ ಮೇಲಿದ್ದ ಅಂಕುಶವನ್ನು ತೆಗೆದು ಜನರ ಮತಿಯ ಮೇಲೆ ಹಾಕುತ್ತದೆ.

ಇನ್ನು ಮನೆಮಾತಿನ ಕನ್ನಡದಲ್ಲಿ ನಿರಂಕುಶಕ್ಕೆ ಏನನ್ನುತ್ತೇವೆ? 'ಹೇಳೋರಿಲ್ಲ, ಕೇಳೋರಿಲ್ಲ.' ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ. ಹೇಳೋರು ಅಂದರೆ ಇದು ತಪ್ಪು ಅಂತ ಬಾಯಿಬಿಟ್ಟು ಹೇಳುವವರು: ಪತ್ರಿಕೆ, ವಿರೋಧ ಪಕ್ಷ, ಬೀದಿಗೆ ಬರುವ ಜನ. ಕೇಳೋರು ಅಂದರೆ ಯಾಕೆ ಹೀಗೆ ಮಾಡಿದಿರಿ ಅಂತ ಲೆಕ್ಕ ಕೇಳುವವರು: ಕೋರ್ಟು, ಶಾಸನಸಭೆ, ಆಡಿಟ್. ಒಂದು ಪ್ರಜಾಪ್ರಭುತ್ವ ಜಾರುತ್ತಿದೆಯಾ ಅಂತ ನೋಡಬೇಕಾದರೆ ಈ ಎರಡು ಗುಂಪಿನವರು ಎಲ್ಲಿದ್ದಾರೆ, ಹೇಗಿದ್ದಾರೆ ಅಂತ ನೋಡಬೇಕು.

ನಮ್ಮ ದೇಶದಲ್ಲೇ ಇದು ಒಮ್ಮೆ ನಡೆದಿದೆ. 1975ರ ತುರ್ತು ಪರಿಸ್ಥಿತಿ ಅಂದ ಕೂಡಲೇ ಎಲ್ಲರೂ ಜೂನ್ 25ರ ರಾತ್ರಿಯಿಂದ ಕಥೆ ಶುರು ಮಾಡುತ್ತಾರೆ. ನಾನು ಎರಡು ವರ್ಷ ಹಿಂದಕ್ಕೆ ಹೋಗುತ್ತೇನೆ. ಯಾಕೆಂದರೆ ಮೊದಲ ಸೂಚನೆ ಸಿಕ್ಕಿದ್ದು ಅಲ್ಲಿ, ಅದರಲ್ಲೂ ಕನ್ನಡದವರು ಇಬ್ಬರು ಇದ್ದ ಜಾಗದಲ್ಲಿ.

ಕಾಸರಗೋಡಿನ ಹತ್ತಿರ ಎಡನೀರು ಮಠ ಇದೆ. ಅಲ್ಲಿನ ಕೇಶವಾನಂದ ಭಾರತೀ ಸ್ವಾಮೀಜಿ ಮಠದ ಜಮೀನಿನ ವಿಷಯಕ್ಕೆ ಕೇರಳ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಜಮೀನಿನ ಕೇಸು ಬೆಳೆದು ಬೆಳೆದು ಬೇರೆಯದೇ ಪ್ರಶ್ನೆಯಾಯಿತು. ಸಂಸತ್ತು ಸಂವಿಧಾನವನ್ನು ಎಷ್ಟು ಬೇಕಾದರೂ ತಿದ್ದಬಹುದಾ? 13 ನ್ಯಾಯಮೂರ್ತಿಗಳು ಕೂತು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪು ಬಂತು. ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಅಧಿಕಾರದ ಮೇಲೆ ಒಂದು ಹೊಸ ಅಂಕುಶ ಬಿತ್ತು.

ಮರುದಿನವೇ ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಎ.ಎನ್. ರೇ ಅವರ ಹೆಸರು ಹೊರಬಿತ್ತು. ಹಿರಿತನದಲ್ಲಿ ಅವರು ನಾಲ್ಕನೆಯವರು. ಅವರಿಗಿಂತ ಮೇಲಿದ್ದ ಶೆಲಟ್, ಹೆಗ್ಡೆ, ಗ್ರೋವರ್ ಮೂವರೂ ಸಂಸತ್ತಿನ ಅಧಿಕಾರಕ್ಕೆ ಮಿತಿ ಇದೆ ಅಂದವರು. ರೇ ಅವರು ಮಿತಿ ಇಲ್ಲ ಅಂದವರು. ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಕೆ.ಎಸ್. ಹೆಗ್ಡೆ ನಮ್ಮ ಕಾರ್ಕಳ ತಾಲ್ಲೂಕಿನ ಕೌಡೂರಿನವರು.

ಇಲ್ಲಿ ಒಂದು ಗಮನಿಸಿ. ಯಾವ ಕಾನೂನೂ ಮುರಿಯಲಿಲ್ಲ. ಹಿರಿಯರನ್ನೇ ನೇಮಿಸಬೇಕು ಅನ್ನುವುದು ರೂಢಿ, ಸಂವಿಧಾನದಲ್ಲಿ ಬರೆದ ಮಾತಲ್ಲ. ಯಾರನ್ನೂ ಬಂಧಿಸಲಿಲ್ಲ. ಮರುದಿನ ಹಾಲು ಬಂತು, ಪೇಪರ್ ಬಂತು, ಬಸ್ಸು ಓಡಿತು. ಆದರೆ ದೇಶದ ಪ್ರತಿಯೊಬ್ಬ ನ್ಯಾಯಮೂರ್ತಿಗೂ ಒಂದು ವಿಷಯ ಅರ್ಥವಾಯಿತು: ಇಂಥ ತೀರ್ಪು ಬರೆದರೆ ಇಂಥ ಫಲ. ಕೇಳೋರನ್ನು ಸುಮ್ಮನಾಗಿಸುವ ಕೆಲಸ ಹೀಗೆ ಸದ್ದಿಲ್ಲದೆ ಶುರುವಾಗುತ್ತದೆ.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿದರು. ಅಂಕುಶ ಇನ್ನೂ ಕೆಲಸ ಮಾಡುತ್ತಿತ್ತು. ಹದಿಮೂರು ದಿನಕ್ಕೆ, ಜೂನ್ 25ರ ರಾತ್ರಿ, 'ಆಂತರಿಕ ಗಲಭೆ' ಅನ್ನುವ ಕಾರಣ ಕೊಟ್ಟು ತುರ್ತು ಪರಿಸ್ಥಿತಿಗೆ ರಾಷ್ಟ್ರಪತಿಯ ಸಹಿ ಬಿತ್ತು. ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ, ಸಹಿ ಆದ ಮೇಲೆ. ದೆಹಲಿಯಲ್ಲಿ ಪತ್ರಿಕಾ ಕಚೇರಿಗಳಿರುವ ರಸ್ತೆಗೆ ರಾತ್ರಿಯೇ ಕರೆಂಟ್ ತೆಗೆದರು. ಪೇಪರ್ ಅಚ್ಚಾಗಬಾರದು ಅಂತ. ಬೆಳಿಗ್ಗೆ ಬೆಂಗಳೂರಿನ ಶಾಸಕರ ಭವನದಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮ್ ನಂದನ್ ಮಿಶ್ರಾ ಬಂಧನಕ್ಕೊಳಗಾದರು. ಸಂಸತ್ತಿನ ಸಮಿತಿಯೊಂದರ ಸಭೆಗೆ ಅಂತ ಊರಿಗೆ ಬಂದಿದ್ದವರು ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲು ಸೇರಿದರು. ಈಗ ನಾವು ಫ್ರೀಡಂ ಪಾರ್ಕ್ ಅನ್ನುವ ಜಾಗ ಅದು.

ಅದೇ ಜೈಲಿನಲ್ಲಿ ಮರುವರ್ಷ ರಂಗಭೂಮಿ ಮತ್ತು ಸಿನಿಮಾ ನಟಿ ಸ್ನೇಹಲತಾ ರೆಡ್ಡಿ ಇದ್ದರು. ಅವರಿಗೆ ತೀವ್ರ ಆಸ್ತಮಾ. ವಿಚಾರಣೆ ಇಲ್ಲದೆ ತಿಂಗಳುಗಟ್ಟಲೆ ಒಳಗಿದ್ದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನಕ್ಕೆ ತೀರಿಕೊಂಡರು. ದೇಶದಲ್ಲಿ ಒಟ್ಟು ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ಹೀಗೆ ಒಳಗೆ ಹಾಕಲಾಗಿತ್ತು ಅಂತ ನಂತರ, ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗ ಲೆಕ್ಕ ಕೊಟ್ಟಿತು. ಲೆಕ್ಕ ಓದಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಉಸಿರಾಡಲು ಕಷ್ಟಪಡುವ ಒಬ್ಬ ಹೆಂಗಸು ಜೈಲಿನ ಕೋಣೆಯಲ್ಲಿ ಕೂತಿದ್ದನ್ನು ನೆನೆದರೆ ನಿಲ್ಲುತ್ತದೆ.

ಹೇಳೋರ ಬಾಯಿಗೆ ಸೆನ್ಸಾರ್ ಬಂತು. ನಾಲ್ಕು ಸುದ್ದಿಸಂಸ್ಥೆಗಳನ್ನು ಸೇರಿಸಿ 'ಸಮಾಚಾರ್' ಅಂತ ಒಂದೇ ಮಾಡಿದರು. ನಾಲ್ಕು ಬಾಯಿ ಕಾಯುವುದಕ್ಕಿಂತ ಒಂದು ಬಾಯಿ ಕಾಯುವುದು ಸುಲಭ, ಅಲ್ವಾ?

ಕೇಳೋರ ವಿಷಯದಲ್ಲಿ ನಡೆದದ್ದನ್ನು ಮಾತ್ರ ದಿನಾಂಕ ಹಿಡಿದು ನೋಡಬೇಕು. ಪ್ರಧಾನಿಯ ಚುನಾವಣೆಯ ವಿಷಯ ಸುಪ್ರೀಂ ಕೋರ್ಟಿನಲ್ಲಿ ಆಗಸ್ಟ್ 11ಕ್ಕೆ ಬರುವುದಿತ್ತು. ಪ್ರಧಾನಿಯ ಆಯ್ಕೆಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಅನ್ನುವ 39ನೇ ತಿದ್ದುಪಡಿಗೆ ಆಗಸ್ಟ್ 7ರಂದು ಲೋಕಸಭೆಯ ಒಪ್ಪಿಗೆ, 8ರಂದು ರಾಜ್ಯಸಭೆಯ ಒಪ್ಪಿಗೆ, 9ರಂದು ರಾಜ್ಯಗಳ ವಿಧಾನಸಭೆಗಳ ಒಪ್ಪಿಗೆ, 10ನೇ ತಾರೀಕು ಭಾನುವಾರ ರಾಷ್ಟ್ರಪತಿಯ ಅಂಕಿತ. ನಮ್ಮ ಊರಿನಲ್ಲಿ ಒಂದು ಖಾತೆ ಬದಲಾವಣೆಗೆ ಎಷ್ಟು ದಿನ ಹಿಡಿಯುತ್ತದೆ ಅಂತ ನೆನೆಸಿಕೊಳ್ಳಿ. ನಾಲ್ಕು ದಿನದಲ್ಲಿ ಸಂವಿಧಾನ ಬದಲಾಯಿತು. ಎಲ್ಲವೂ ಕಾನೂನಿನ ಪ್ರಕಾರವೇ. ನಿಯಮದ ಪುಸ್ತಕ ಕೈಯಲ್ಲಿ ಹಿಡಿದೇ ಅಂಕುಶ ತೆಗೆಯಬಹುದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ನವೆಂಬರ್ 7ರಂದು ಸುಪ್ರೀಂ ಕೋರ್ಟು ಇಂದಿರಾ ಗಾಂಧಿಯವರ ಆಯ್ಕೆಯನ್ನು ಎತ್ತಿಹಿಡಿಯಿತು, ಆದರೆ ತಿದ್ದುಪಡಿಯ ಆ ಭಾಗವನ್ನು ಹೊಡೆದುಹಾಕಿತು. ಅದಕ್ಕೆ ಆಧಾರವಾದದ್ದು ಎಡನೀರು ಸ್ವಾಮೀಜಿಯ ಕೇಸಿನ ತೀರ್ಪು.

ಬೇರೆ ದೇಶಗಳಲ್ಲೂ ದಾರಿ ಹೆಚ್ಚುಕಡಿಮೆ ಇದೇ. ಜರ್ಮನಿಯಲ್ಲಿ 1933ರ ಮಾರ್ಚ್ 23ರಂದು ಸಂಸತ್ತೇ 444–94 ಮತಗಳಿಂದ ಕಾನೂನು ಮಾಡುವ ತನ್ನ ಅಧಿಕಾರವನ್ನು ಹಿಟ್ಲರ್ ಸರ್ಕಾರಕ್ಕೆ ಬರೆದುಕೊಟ್ಟಿತು. ಹಂಗರಿಯಲ್ಲಿ 2010ರಲ್ಲಿ ಮೂರನೇ ಎರಡರಷ್ಟು ಬಹುಮತ ಪಡೆದ ಸರ್ಕಾರ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿತು. ಇದಕ್ಕೆ ಹೆಸರು ಹಿಡಿದು ವಜಾ ಮಾಡಬೇಕಾಗಲಿಲ್ಲ. ವಯಸ್ಸಿನ ಲೆಕ್ಕದಲ್ಲೇ ಹಿರಿಯರು ಮನೆಗೆ ಹೋದರು.

ಈಗ ಒಂದು ಕಷ್ಟದ ಮಾತು. ತುರ್ತು ಪರಿಸ್ಥಿತಿಯನ್ನು ಕರ್ನಾಟಕದ ಹಳ್ಳಿಗಳು ಹೇಗೆ ಕಂಡವು? 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂದಿತ್ತು. ಅದೇ ವರ್ಷಗಳಲ್ಲಿ ಭೂ ನ್ಯಾಯಮಂಡಳಿಗಳು ಕೂತು ಗೇಣಿದಾರರಿಗೆ ಭೂಮಿಯ ಹಕ್ಕು ಕೊಡುತ್ತಿದ್ದವು. ತಲೆತಲಾಂತರದಿಂದ ಧಣಿಗೆ ಗೇಣಿ ಅಳೆದ ಕುಟುಂಬಗಳು ಮೊದಲ ಸಲ ಗದ್ದೆಯನ್ನು ನಮ್ಮದು ಅಂದವು. ಕರಾವಳಿಯ ಹಿರಿಯರು ಇವತ್ತಿಗೂ 'ಡಿಕ್ಲರೇಶನ್‌ನಲ್ಲಿ ಆದ ಜಾಗ', ಅಂದರೆ ಗೇಣಿದಾರರಾಗಿ ಅರ್ಜಿ ಹಾಕಿ ಪಡೆದದ್ದು, ಅಂತ ಹೆಮ್ಮೆಯಿಂದ ತೋರಿಸುತ್ತಾರೆ. 1977ರ ಚುನಾವಣೆಯಲ್ಲಿ ಇಂದಿರಾ ಗಾಂಧಿ ತಮ್ಮ ಕ್ಷೇತ್ರದಲ್ಲೇ ಸೋತಾಗ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಬಂದವು. ಉಳಿದದ್ದರಲ್ಲಿ ಒಂದು ಬೆಂಗಳೂರು ದಕ್ಷಿಣ. ಅಲ್ಲಿ ಗೆದ್ದವರು ಅದೇ ಕೆ.ಎಸ್. ಹೆಗ್ಡೆ. ಮುಂದೆ ಅವರು ಲೋಕಸಭೆಯ ಸ್ಪೀಕರ್ ಆದರು.

ಹಾಗೆ ಮತ ಹಾಕಿದವರನ್ನು ತಿಳಿವಳಿಕೆ ಇಲ್ಲದವರು ಅನ್ನಲು ನಾನು ಒಪ್ಪುವುದಿಲ್ಲ. ಅವರಿಗೆ ಸಿಕ್ಕ ಭೂಮಿ ನಿಜ, ಅದು ನ್ಯಾಯವಾಗಿ ಸಿಗಬೇಕಾಗಿದ್ದದ್ದು. ಸ್ನೇಹಲತಾ ರೆಡ್ಡಿ ಅನುಭವಿಸಿದ್ದೂ ಅಷ್ಟೇ ನಿಜ. ಎರಡೂ ಒಂದೇ ಕಾಲದಲ್ಲಿ, ಒಂದೇ ರಾಜ್ಯದಲ್ಲಿ ನಡೆದವು. ಜಾರುವಿಕೆ ಕಣ್ಣಿಗೆ ಬೀಳದಿರುವುದಕ್ಕೆ ಇದೂ ಒಂದು ಕಾರಣ. ಅಂಕುಶ ಕಳಚಿದ ದಿನ ಆನೆ ಎಲ್ಲರನ್ನೂ ತುಳಿಯುವುದಿಲ್ಲ. ಕೆಲವರಿಗೆ ಅದು ಮೊದಲಿಗಿಂತ ಚೆನ್ನಾಗಿಯೇ ಕೆಲಸ ಮಾಡಿಕೊಡುತ್ತದೆ. ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಕಚೇರಿಯಲ್ಲಿ ಗುಮಾಸ್ತರು ಕುರ್ಚಿಯಲ್ಲಿ ಕೂತಿರುತ್ತಿದ್ದರು ಅಂತ ಆ ಕಾಲ ನೋಡಿದವರು ಈಗಲೂ ಹೇಳುತ್ತಾರೆ. ಸರ್ಕಾರ ಒಳ್ಳೆಯ ಕೆಲಸ ಮಾಡುತ್ತಿದೆಯಾ ಅನ್ನುವುದು ಒಂದು ಪ್ರಶ್ನೆ. ನಾಳೆ ಅದು ಕೆಟ್ಟ ಕೆಲಸ ಮಾಡಿದರೆ ತಡೆಯಲು ಯಾರು ಉಳಿದಿದ್ದಾರೆ ಅನ್ನುವುದು ಇನ್ನೊಂದು ಪ್ರಶ್ನೆ. ನಿರಂಕುಶ ಅನ್ನುವ ಪದ ಕೇಳುವುದು ಎರಡನೆಯದನ್ನು.

ಆ ಎರಡನೆಯ ಪ್ರಶ್ನೆ 1976ರಲ್ಲಿ ಸುಪ್ರೀಂ ಕೋರ್ಟಿನ ಎದುರಿಗೇ ಬಂತು. ಜೈಲಿನಲ್ಲಿದ್ದವರು ನಮ್ಮನ್ನು ಯಾಕೆ ಹಿಡಿದಿದ್ದೀರಿ ಅಂತ ಹೈಕೋರ್ಟುಗಳಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ದರು. ಒಂಬತ್ತು ಹೈಕೋರ್ಟುಗಳು ನಾವು ಅರ್ಜಿ ಕೇಳುತ್ತೇವೆ ಅಂದವು. ಕರ್ನಾಟಕ ಹೈಕೋರ್ಟು ಅವುಗಳಲ್ಲಿ ಒಂದು. ಸರ್ಕಾರ ಮೇಲ್ಮನವಿ ಹಾಕಿತು. ವಾದದ ನಡುವೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು. ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದುಬಿಟ್ಟರೆ, ಆಗಲೂ ಕೋರ್ಟಿಗೆ ಬರುವಂತಿಲ್ಲವಾ? ತುರ್ತು ಪರಿಸ್ಥಿತಿ ಇರುವ ತನಕ ಬರುವಂತಿಲ್ಲ ಅಂತ ಡೇ ಒಪ್ಪಿಕೊಂಡರು.

ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಪರ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದೇ ವರ್ಷ 16 ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ದೂರದ ರಾಜ್ಯಗಳಿಗೆ ವರ್ಗವಾಯಿತು, ಕರ್ನಾಟಕದವರೂ ಅದರಲ್ಲಿದ್ದರು. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆ ಖನ್ನಾ ಅವರನ್ನು ದಾಟಿ ಅವರಿಗಿಂತ ಕಿರಿಯರಿಗೆ ಹೋಯಿತು. ಅವರೂ ರಾಜೀನಾಮೆ ಕೊಟ್ಟು ಹೊರಟರು. 1973ರಲ್ಲಿ ಒಮ್ಮೆ ಮಾಡಿ ದಕ್ಕಿಸಿಕೊಂಡದ್ದು ಎರಡನೇ ಸಲಕ್ಕೆ ಇನ್ನೂ ಸುಲಭವಾಗಿತ್ತು.

ಅಂಕುಶವನ್ನು ಮತ್ತೆ ಜೋಡಿಸುವ ಕೆಲಸ 1978ರ 44ನೇ ತಿದ್ದುಪಡಿಯಿಂದ ನಡೆಯಿತು. 'ಆಂತರಿಕ ಗಲಭೆ' ಅನ್ನುವ ಸಡಿಲ ಮಾತು ಹೋಗಿ 'ಸಶಸ್ತ್ರ ಬಂಡಾಯ' ಅಂತ ಬಿಗಿಯಾಯಿತು. ಮಂತ್ರಿಮಂಡಲ ಬರಹದಲ್ಲಿ ಸಲಹೆ ಕೊಡದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. ಜೀವದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ.

1976ರ ತೀರ್ಪು ಮಾತ್ರ ಹಾಗೇ ಉಳಿದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ ಇಳಿವಯಸ್ಸಿನಲ್ಲಿ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಕೇಸಿನಲ್ಲಿ ಖಾಸಗಿತನದ ಹಕ್ಕಿನ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಬಂತು. 2017ರ ಆಗಸ್ಟ್ 24ರಂದು ತೀರ್ಪು ಕೊಡುವಾಗ ಕೋರ್ಟು 1976ರ ತೀರ್ಪನ್ನೂ ತೆಗೆದುಹಾಕಿತು. ಅಂದು ಸರ್ಕಾರದ ಪರ ನಿಂತ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. ಅದು ತಪ್ಪು ಅಂತ ಈಗ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಅಷ್ಟು ಹೊತ್ತಿಗೆ ಸ್ನೇಹಲತಾ ರೆಡ್ಡಿ ತೀರಿಕೊಂಡು 40 ವರ್ಷ ಆಗಿತ್ತು.