ಅಂಗೈ ಬೆವರು, ರಾಜಕೀಯ ನಿಲುವು: ಓದುಗೆಳೆಯರಿಗೆ ಟಿಪ್ಪಣಿ

ಮೈಯ ಸ್ಪಂದನಕ್ಕೂ ರಾಜಕೀಯ ನಿಲುವಿಗೂ ನಂಟಿದೆಯೇ? ರಾಜಕೀಯ ಮನೋವಿಜ್ಞಾನದ ಪೇಪರಿನಲ್ಲಿ ಈ ಪ್ರಶ್ನೆ ಬಂದರೆ ಹೆಚ್ಚಿನವರು 2008ರ ಅಧ್ಯಯನವೊಂದನ್ನೇ ಬರೆದು ಮುಗಿಸುತ್ತಾರೆ. ಅಲ್ಲಿಗೇ ನಿಲ್ಲಬೇಡಿ, ಅಸಲಿ ವಿಷಯ ಇರುವುದು ಆಮೇಲೆ.

ಮೊದಲು ಅಳತೆ. ಗಾಬರಿಯಾಗಲಿ ಖುಷಿಯಾಗಲಿ, ಮೈಯನ್ನು ಎಚ್ಚರಗೊಳಿಸುವ ಸಿಂಪಥೆಟಿಕ್ ನರವ್ಯೂಹ ಚುರುಕಾದೊಡನೆ ಅಂಗೈ ತುಸು ಬೆವರುತ್ತದೆ. ಬೆರಳುಗಳಿಗೆ ಎಲೆಕ್ಟ್ರೋಡ್ ಅಂಟಿಸಿ, ನಮಗೆ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ ಹರಿಸಿದರೆ, ಬೆವರು ಹೆಚ್ಚಿದಂತೆ ಚರ್ಮದ ವಾಹಕತೆ ಏರುವುದು ಕಾಣುತ್ತದೆ. ಚಿತ್ರ ತೋರಿಸಿದ ಒಂದರಿಂದ ಮೂರು ಸೆಕೆಂಡಿನಲ್ಲಿ ಯಂತ್ರದ ಗೆರೆ ಮೇಲೇಳುತ್ತದೆ, ಬೇಡವೆಂದರೂ ನಿಲ್ಲುವುದಿಲ್ಲ. (ಮೇ ತಿಂಗಳ ಮುಂಬೈಯಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ ಮಾಡಿದರೆ ಎಲ್ಲರದೂ ಒಂದೇ ಪಕ್ಷ!)

2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಡಗ್ಲಸ್ ಆಕ್ಸ್‌ಲಿ, ಜಾನ್ ಹಿಬ್ಬಿಂಗ್ ಮತ್ತಿತರರ ಪ್ರಬಂಧ ಬಂತು. ಅಮೆರಿಕದ ನೆಬ್ರಾಸ್ಕಾದಲ್ಲಿ, ಗಟ್ಟಿ ರಾಜಕೀಯ ನಿಲುವಿನ 46 ಮಂದಿ. ಮುಖದ ಮೇಲೆ ಕೂತ ದೊಡ್ಡ ಜೇಡ, ಹುಳು ಬಿದ್ದ ಗಾಯದಂಥ ಚಿತ್ರ ತೋರಿಸಿ ಚರ್ಮದ ವಾಹಕತೆ ಅಳೆದರು. ಕಿವಿಗೆ ಏಕಾಏಕಿ ದೊಡ್ಡ ಸದ್ದು ಕೇಳಿಸಿ ಕಣ್ಣು ಎಷ್ಟು ಜೋರಾಗಿ ಮಿಟುಕಿತೆಂದು ಅಳೆದರು. ಮೈ ಹೆಚ್ಚು ಸ್ಪಂದಿಸಿದವರು ಮರಣದಂಡನೆ, ರಕ್ಷಣಾ ವೆಚ್ಚ, ಇರಾಕ್ ಯುದ್ಧದ ಪರ ವಾಲಿದ್ದರು. 2011ರಲ್ಲಿ ಇದೇ ಬಳಗದ ಇನ್ನೊಂದು ಅಧ್ಯಯನ: ಹುಳು ತಿನ್ನುವವನ ಚಿತ್ರದಂಥ ಹೇಸಿಗೆಯ ಚಿತ್ರಗಳಿಗೆ ಜೋರಾಗಿ ಸ್ಪಂದಿಸಿದವರಲ್ಲಿ ಸಲಿಂಗ ವಿವಾಹಕ್ಕೆ ವಿರೋಧ ಹೆಚ್ಚು.

2020ರಲ್ಲಿ ಬರ್ಟ್ ಬಕ್ಕರ್ ಮತ್ತು ಸಂಗಡಿಗರು, ಏನನ್ನು ಹೇಗೆ ಪರೀಕ್ಷಿಸುತ್ತೇವೆಂದು ಮುಂಚೆಯೇ ನೋಂದಾಯಿಸಿ, 2008ರ ಪ್ರಯೋಗವನ್ನೇ ಮತ್ತೆ 202 ಮಂದಿಯ ಮೇಲೆ ಮಾಡಿದರು. ರೀತಿ ಬದಲಿಸಿ ಅಮೆರಿಕದಲ್ಲಿ 352, ನೆದರ್‌ಲ್ಯಾಂಡ್ಸ್‌ನಲ್ಲಿ 81 ಮಂದಿಯನ್ನೂ ನೋಡಿದರು. ಮೈಯ ಸ್ಪಂದನಕ್ಕೂ ನಿಲುವಿಗೂ ನಂಟು ಸಿಗಲಿಲ್ಲ. ಹೇಸಿಗೆಯ ವಾದಕ್ಕೂ ಪುರಾವೆ ಸಿಗಲಿಲ್ಲ. 46 ಮಂದಿಯಲ್ಲಿ ಕಂಡದ್ದನ್ನು ಇಷ್ಟು ವರ್ಷ ತಲೆ ಮೇಲೆ ಹೊತ್ತದ್ದೇ ನನಗೆ ಆಶ್ಚರ್ಯ.

ಇನ್ನೊಂದು ತೊಡಕು ಅಳತೆಯಲ್ಲೇ ಇದೆ. ಚರ್ಮದ ವಾಹಕತೆ ಹೇಳುವುದು ಉದ್ರೇಕ ಎಷ್ಟು ಎಂದು ಮಾತ್ರ. ಅದು ಬೇಕೆಂಬುದೋ ಬೇಡವೆಂಬುದೋ ಹೇಳದು. ಮುಂಬೈಯ ವರ್ಸೋವಾದಲ್ಲಿರುವ ಕೋಳಿವಾಡಕ್ಕೆ, ಅಂದರೆ ಮೀನುಗಾರರ ಕೇರಿಗೆ, ಹೋಗಿ. ಬೊಂಬಿಲ್ ಮೀನನ್ನು ಬಾಯಿಗೆ ಬಾಯಿ ಸಿಕ್ಕಿಸಿ ಜೋಡಿಜೋಡಿಯಾಗಿ ಬಿದಿರಿನ ಗಳಗಳಿಗೆ ತೂಗುಹಾಕಿ ಒಣಗಿಸುತ್ತಾರೆ. ಆ ವಾಸನೆಗೆ ನಮ್ಮ ಗುಂಪಿನ ಮಲ್ಪೆಯ ಹುಡುಗಿಗೆ ಬಾಯಲ್ಲಿ ನೀರು. ಧಾರವಾಡದ ಗೆಳೆಯನ ಮೂಗಿಗೆ ಕರ್ಚೀಫು. ಯಂತ್ರದಲ್ಲಿ ಇಬ್ಬರ ಗೆರೆಯೂ ಒಂದೇ ಥರ ಏರಬಹುದು. ಮೇಲಾಗಿ, ಯಾವುದಕ್ಕೆ ವಾಕರಿಕೆ ಬರಬೇಕೆಂದು ಮೈಗೆ ಕಲಿಸಿದ್ದೇ ಮನೆ, ಜಾತಿ, ಮಡಿ-ಮೈಲಿಗೆ. ಹಾಗಾಗಿ ಮೈಯಿಂದ ನಿಲುವು ಹುಟ್ಟಿತೆಂದು ಬಾಣದ ಗುರುತು ಒಂದೇ ಕಡೆಗೆ ಹಾಕಬೇಡಿ.

ಬಾಯಿಬಿಟ್ಟು ‘ನನಗೆ ಹೇಸಿಗೆ’ ಅನ್ನುವ ಮಾತು ಬೇರೆ. ಪ್ರಶ್ನಾವಳಿಯಲ್ಲಿ ಹೆಚ್ಚು ಹೇಸಿಗೆ ಹೇಳಿಕೊಂಡವರು ಸಾಮಾಜಿಕ ವಿಷಯಗಳಲ್ಲಿ ಸಂಪ್ರದಾಯದ ಕಡೆ ವಾಲುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮೈಯ ಸ್ಪಂದನವೂ ಬಾಯಿಮಾತೂ ಎಷ್ಟು ಹೊಂದುತ್ತವೆಂದು ನೋಡಿ ಎಂಬುದೇ ಬಕ್ಕರ್ ತಂಡದ ಸಲಹೆ. ಇಲ್ಲಿ ಮುಂಬೈಯ ಹೌಸಿಂಗ್ ಸೊಸೈಟಿಗಳಲ್ಲಿ ಮೀನು ತಿನ್ನುವವರಿಗೆ ಮನೆ ಇಲ್ಲವೆನ್ನುವಾಗ ‘ವಾಸನೆ ಆಗಿಬರುವುದಿಲ್ಲ’ ಎಂಬ ಕಾರಣ ಸಾಕಾಗುತ್ತದೆ. ಯಾರ ಅಂಗೈಯನ್ನೂ ಯಾರೂ ಅಳೆಯುವುದಿಲ್ಲ. ಹತ್ತು ಅಂಕದ ಉತ್ತರದಲ್ಲಿ 2008ಕ್ಕೆ ಅರ್ಧ ಪುಟ ಕೊಡಿ, ಉಳಿದ ಜಾಗ 2020ಕ್ಕೂ ಈ ಬಾಯಿಮಾತಿಗೂ ಇರಲಿ.